ಅಡುಗೆಮನೆಯಲ್ಲಿದ್ದ ಸಾಕ್ಷಿ

ಪತ್ತೇದಾರಿ ಕಾದಂಬರಿಗಳಿಂದಲೇ ಓದುವ ಚಟ ಹತ್ತಿಸಿಕೊಂಡವಳು ನಾನು. ಹಾಗಾಗಿ ಈ ಜಗಳ ಮನೆಯೊಳಗಿನದು. ಮೊದಲ ಪುಟದಲ್ಲಿ ಹೆಣ್ಣಿನ ಹೆಣ, ಕೊನೆಯ ಪುಟದಲ್ಲಿ ಕೈಕೋಳ ಇಲ್ಲವೇ ಗುಂಡು, ನಡುವೆಯೆಲ್ಲ ಪತ್ತೇದಾರನ ಬುದ್ಧಿವಂತಿಕೆ. ಸತ್ತವಳು ಯಾರಿಗೆ ಹೆದರುತ್ತಿದ್ದಳು, ಯಾರ ಹತ್ತಿರ ಹೇಳಿಕೊಂಡಿದ್ದಳು, ಅವರೇಕೆ ಸುಮ್ಮನಿದ್ದರು ಎಂಬುದು ತಿಳಿಯುವುದೇ ಇಲ್ಲ. ಆದರೂ ಪುಸ್ತಕ ಮುಚ್ಚಿ 'ನ್ಯಾಯ ಸಿಕ್ಕಿತು' ಎನ್ನುತ್ತೇವೆ. ಯಾರಿಗೆ?

ಸ್ವೀಡನ್ನಿನ ಸ್ಟೀಗ್ ಲಾರ್ಸನ್ ತೀರಿಕೊಂಡ ಮರುವರ್ಷ, 2005ರಲ್ಲಿ, ಅವನ ಮೊದಲ ಪತ್ತೇದಾರಿ ಕಾದಂಬರಿ ಬಂತು. ಹೆಸರು 'ಹೆಂಗಸರನ್ನು ದ್ವೇಷಿಸುವ ಗಂಡಸರು'. ಇಂಗ್ಲಿಷಿಗೆ ಹೋದಾಗ ಅದು 'ಡ್ರ್ಯಾಗನ್ ಹಚ್ಚೆಯ ಹುಡುಗಿ' ಆಯಿತು. ಆರೋಪಿಗಳು ರಕ್ಷಾಪುಟದಿಂದಲೇ ಪರಾರಿ! ಉಳಿದದ್ದು ಹುಡುಗಿಯ ಮೈ ಮೇಲಿನ ಚಿತ್ರ.

ಕಥೆಯಷ್ಟೇ ತಾನೆ ಎನ್ನಬೇಡಿ. 2019ರ ಡಿಸೆಂಬರ್ 6ರ ನಸುಕಿನಲ್ಲಿ ಹೈದರಾಬಾದ್ ಹತ್ತಿರ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಹೂವಿನ ಪಕಳೆ ಎರಚಿದರು. ವಿಚಾರಣೆ ಶುರುವೇ ಆಗಿರಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ ಹೇಳುವ ಹೊತ್ತಿಗೆ ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ನಮಗೆ ಬೇಕಿದ್ದ ಕೊನೆಯ ಅಧ್ಯಾಯ ಸಿಕ್ಕಿಯಾಗಿತ್ತಲ್ಲ.

ಈ ಚಪ್ಪಾಳೆಗೆ ಎದುರಾಗಿ ನಾನು ಇಡುವುದು ಒಂದು ಸಣ್ಣ ಕತೆ: ಸೂಸನ್ ಗ್ಲಾಸ್ಪೆಲ್ 1917ರಲ್ಲಿ ಬರೆದ 'ಎ ಜ್ಯೂರಿ ಆಫ್ ಹರ್ ಪಿಯರ್ಸ್'. ರೈತನೊಬ್ಬ ಕುತ್ತಿಗೆಗೆ ಹಗ್ಗ ಬಿಗಿದು ಸತ್ತಿದ್ದಾನೆ, ಹೆಂಡತಿ ಜೈಲಿನಲ್ಲಿದ್ದಾಳೆ. ಶೆರಿಫನೂ ವಕೀಲನೂ ಮಹಡಿ, ಕೊಟ್ಟಿಗೆಯೆಲ್ಲ ಜಾಲಾಡುತ್ತಾರೆ. ಅಡುಗೆಮನೆಯಲ್ಲಿ ಏನಿರುತ್ತದೆ, ಬರೀ ಪಾತ್ರೆಪಡಗ ಎಂಬ ಉಡಾಫೆ ಅವರದು. ಅಲ್ಲೇ ಕೂತ ಇಬ್ಬರು ಹೆಂಗಸರಿಗೆ ಕಾಣುವುದು ಬೇರೆ. ಅರ್ಧಕ್ಕೆ ಬಿಟ್ಟ ಕೆಲಸ. ಕೌದಿಯ ಒಂದು ತುಂಡಿನಲ್ಲಿ ಮಾತ್ರ ಅಡ್ಡಾದಿಡ್ಡಿ ಹೊಲಿಗೆ. ಬಾಗಿಲು ಮುರಿದ ಹಕ್ಕಿಗೂಡು. ಕೊನೆಗೆ ಹೊಲಿಗೆ ಪೆಟ್ಟಿಗೆಯಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ, ಕುತ್ತಿಗೆ ತಿರುಚಿದ ಪುಟ್ಟ ಹಕ್ಕಿ. ಗಂಡಸರು ಹುಡುಕುತ್ತಿದ್ದ ಕಾರಣ ಇದೇ. ಹೆಂಗಸರು ಅದನ್ನು ಬಚ್ಚಿಡುತ್ತಾರೆ.

ತರಗತಿಯಲ್ಲಿ ಇದನ್ನು ಓದಿಸಿದಾಗ ಹುಡುಗಿಯೊಬ್ಬಳು ಕೇಳಿದಳು: 'ಮೇಡಂ, ಸಾಕ್ಷಿ ಮುಚ್ಚಿಡುವುದು ನ್ಯಾಯವಾ?' ಅಲ್ಲ. ಗಂಡಸರೇ ತುಂಬಿದ ನ್ಯಾಯಪೀಠಕ್ಕೆ ಕೌದಿ ಓದಲು ಬಾರದು ಎಂದು ಗೊತ್ತಿದ್ದವರು ಮಾಡಿದ ಕೆಲಸ ಅದು. ಆ ಇಬ್ಬರನ್ನು ವೀರವನಿತೆಯರನ್ನಾಗಿ ಮಾಡಲು ನಾನು ತಯಾರಿಲ್ಲ, ಗ್ಲಾಸ್ಪೆಲ್ ಕೂಡ ಮಾಡುವುದಿಲ್ಲ. ಅವರಲ್ಲೊಬ್ಬಳು, ನೆರೆಯಲ್ಲೇ ಇದ್ದೂ ಆ ಮನೆಗೆ ಹೋಗದೆ ಉಳಿದದ್ದೇ ಅಪರಾಧವೆಂದೂ ಅದಕ್ಕೆ ಶಿಕ್ಷೆ ಕೊಡುವವರು ಯಾರೆಂದೂ ಮರುಗುತ್ತಾಳೆ. ಹೂವೆರಚುವ ಕೈಗಳು ತಪ್ಪಿಸಿಕೊಳ್ಳಲು ನೋಡುವುದು ಈ ಪ್ರಶ್ನೆಯಿಂದ.

ಕತೆಯ ಹಿಂದೆ ನಿಜವಾದ ಮೊಕದ್ದಮೆಯಿದೆ. 1900ರ ಡಿಸೆಂಬರ್‌ನಲ್ಲಿ ಅಯೋವಾದ ರೈತ ಜಾನ್ ಹೊಸ್ಸಾಕ್ ಮಲಗಿದ್ದಲ್ಲೇ ಕೊಡಲಿ ಏಟಿಗೆ ಸತ್ತ. ಗ್ಲಾಸ್ಪೆಲ್ ಆಗ ಪತ್ರಿಕೆಯ ವರದಿಗಾರ್ತಿ. ಹೆಂಡತಿ ಮಾರ್ಗರೆಟ್‌ಗೆ ಜೀವಾವಧಿಯಾಯಿತು, ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು, 1903ರ ಮರುವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ಗಂಡನ ಕಾಟ ನೆರೆಹೊರೆಗೆಲ್ಲ ಗೊತ್ತಿತ್ತು. ಕೋರ್ಟಿನಲ್ಲಿ ಅದು ಅವಳ ಪರವಾಗಿ ನಿಲ್ಲಲಿಲ್ಲ. ಕೊಲ್ಲಲು ಇವಳಿಗೆ ಕಾರಣವಿತ್ತು ಎಂದು ಸಾಧಿಸಲು ಸರ್ಕಾರಿ ವಕೀಲರಿಗೆ ಒದಗಿತು.