ಹಗಲು ಮಲಗುವ ರಾಯಭಾರಿ

ಸೀಮಂತದ ದಿನ ಹಳೆಯ ಪೆಟ್ಟಿಗೆಯ ತಳದಿಂದ ಹೊರಬರುವ ವಸ್ತುವೊಂದು ಅನೇಕ ಮನೆಗಳಲ್ಲಿರುತ್ತಿತ್ತು. ಗೇಣುದ್ದದ ಮುಳ್ಳು, ಮೈಮೇಲೆ ಕಪ್ಪು ಬಿಳುಪಿನ ಪಟ್ಟೆ, ಸೂಜಿಯನ್ನು ನಾಚಿಸುವ ಮೊನೆ. ಮೂರು ಕಡೆ ಬಿಳುಪಿರುವ ಇಂತಹ ಮುಳ್ಳಿನಿಂದ ಗರ್ಭಿಣಿಯ ಬೈತಲೆ ತೆಗೆಯಬೇಕೆಂದು ಗೃಹ್ಯಸೂತ್ರಗಳು ವಿಧಿಸಿವೆ. ಹೀಗೆ ಮುಳ್ಳುಹಂದಿಯ ಮುಳ್ಳು ಮನೆಯೊಳಗೆ ಬಂದು ಮಂಗಳದ್ರವ್ಯಗಳ ಸಾಲಿನಲ್ಲಿ ಕುಳಿತಿತು. ಆದರೆ ಅದನ್ನು ಹೊತ್ತು ತಿರುಗುವ ಪ್ರಾಣಿಯನ್ನು ಕಣ್ಣಾರೆ ಕಂಡ ಗೃಹಿಣಿಯರು ಎಷ್ಟು ಮಂದಿ?

ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರಿನಂತಹ ಊರುಗಳಲ್ಲಿ ಹೊಲಗದ್ದೆ ಮಾಡುವವರಿಗೂ ಅದರ ದರ್ಶನ ಸುಲಭವಲ್ಲ. ಅವರಿಗೆ ಕಾಣುವುದು ಪ್ರಾಣಿಯಲ್ಲ, ಅದರ ಕೈವಾಡ. ಗೆಣಸಿನ ಪಾತಿಯನ್ನೋ ಕಡಲೆಕಾಯಿಯ ಹೊಲವನ್ನೋ ರಾತ್ರಿ ಬಗೆದುಹಾಕಿ, ಎಳೆಯ ತೆಂಗಿನ ಬುಡವನ್ನು ಕಡಿದು, ಬೆಳಗಾಗುವುದರೊಳಗೆ ಅದು ಬಿಲ ಸೇರಿರುತ್ತದೆ.

ಈ ಇಬ್ಬರೂ, ಎಂದರೆ ಮುಳ್ಳನ್ನು ಪೂಜಿಸಿದವರೂ ಮುಳ್ಳಿನ ಒಡೆಯನನ್ನು ಶಪಿಸಿದವರೂ, ಅದರ ಮುಂದೆ ನಿಲ್ಲಬಹುದಾದ ಸ್ಥಳವೊಂದಿದೆ. ಅದು ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಸ್ಥಾಪಿಸಿದ ಮೈಸೂರಿನ ಮೃಗಾಲಯ. ಹಳ್ಳಿಯಿಂದ ದಸರೆಗೆ ಬಂದವರು ಅದನ್ನು ನೋಡದೆ ಊರಿಗೆ ಹಿಂತಿರುಗುವುದುಂಟೆ! ಆನೆ, ಹುಲಿ, ಜಿರಾಫೆಗಳ ಮುಂದೆ ನೂಕುನುಗ್ಗಲು. ಮುಳ್ಳುಹಂದಿಯ ಆವರಣದ ಬಳಿ ಮಾತ್ರ ಜನ ಅರೆಕ್ಷಣ ನಿಂತು ಮುಂದೆ ಸಾಗುತ್ತಾರೆ. ಮೂಲೆಯಲ್ಲಿ ಮುಳ್ಳಿನ ಒಂದು ರಾಶಿ ಬಿದ್ದುಕೊಂಡಿರುತ್ತದೆ, ಅಷ್ಟೆ. ತನ್ನ ಕುಲದ ಪರವಾಗಿ ಮಾತಾಡಬೇಕಾದ ರಾಯಭಾರಿ ದರ್ಬಾರಿನ ಹೊತ್ತಿನಲ್ಲೇ ನಿದ್ರೆಹೋದರೆ ಕಾರ್ಯ ಕೈಗೂಡುವುದೆಂತು?

ಇಂಗ್ಲೆಂಡಿನ ಬ್ರಿಸ್ಟಲ್ ಮೃಗಾಲಯದವರು 1953ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ನಿಶಾಚರಗಳಿಗೆಂದೇ ಮನೆಯೊಂದನ್ನು ಕಟ್ಟಿ, ರಾತ್ರಿ ದೀಪ ಉರಿಸಿ ಹಗಲು ಮಬ್ಬುಗತ್ತಲೆ ಮಾಡಿದರು. ಪ್ರಾಣಿಗಳು ಹಗಲನ್ನೇ ರಾತ್ರಿಯೆಂದು ಬಗೆದು ಓಡಾಡಿದವು. ಅಮೆರಿಕದವರದು ಇನ್ನೊಂದು ದಾರಿ. ಸಿನ್ಸಿನಾಟಿ ಮೃಗಾಲಯದಲ್ಲಿ ರಿಕೊ ಎಂಬ ಮುಳ್ಳುಹಂದಿಯನ್ನು ಜನರ ಬಳಕೆಗೆ ಒಗ್ಗಿಸಿದರು. ಬಾಲದಿಂದ ಕೊಂಬೆಯನ್ನು ಹಿಡಿಯುವ ದಕ್ಷಿಣ ಅಮೆರಿಕದ ಜಾತಿ ಅದು. ಕುಂಬಳಕಾಯಿ ಮೆಲ್ಲುವ ಅದರ ಚಲಚ್ಚಿತ್ರಗಳು ದೇಶಾಂತರಗಳಲ್ಲಿ ಮಕ್ಕಳನ್ನು ನಗಿಸಿದವು. ನಮ್ಮ ಮುಳ್ಳುಹಂದಿಯನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಸಾಹಸ ಬೇಡ. ನಾಲ್ಕು ಮಾತು ತಿಳಿಹೇಳುವವರು ಅದರ ಆವರಣದ ಬಳಿ ಇದ್ದರೆ ಸಾಕು.

ಮೊದಲು ಹೇಳಬೇಕಾದುದು, ಅದು ಹಂದಿಯೇ ಅಲ್ಲವೆಂಬುದು. ಅದರ ಬಳಗ ಇಲಿ, ಅಳಿಲು, ಹೆಗ್ಗಣಗಳದು. ಭಾರತದಲ್ಲಿ ಆ ಬಳಗಕ್ಕೆಲ್ಲ ಹಿರಿಯಣ್ಣ. ತೂಕ 11ರಿಂದ 18 ಕಿಲೋಗ್ರಾಂ. ಇಲಿಯ ಹಾಗೆ ಇದರ ಬಾಚಿಹಲ್ಲುಗಳೂ ಬೆಳೆಯುತ್ತಲೇ ಇರುತ್ತವೆ. ಕಡಿದು ಸವೆಸದೆ ಗತಿಯಿಲ್ಲ. ಬಿಲದ ಬಾಯಲ್ಲಿ ಮೂಳೆಗಳನ್ನೂ ಉದುರಿದ ಜಿಂಕೆಯ ಕೊಂಬುಗಳನ್ನೂ ಕಂಡು ಇದು ಮಾಂಸಾಹಾರಿಯೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ಕಡಿಯುವುದು ಸುಣ್ಣದ ಅಂಶಕ್ಕಾಗಿ. ಗಂಡು ಹೆಣ್ಣು ಜೊತೆಯಾಗಿ ಸಂಸಾರ ಮಾಡುತ್ತವೆ. ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ. ಮುಳ್ಳು ಮಾತ್ರ ಮೆತ್ತಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಹೆಗ್ಗಣದ ಈ ನಂಟನ ಮನೆಯಲ್ಲೂ ಸಲ್ಲುತ್ತದೆ.

ಇನ್ನು ಮುಳ್ಳನ್ನು ಬಾಣದಂತೆ ಬಿಡುತ್ತದೆಂಬ ಮಾತು. ಗ್ರೀಸಿನ ಅರಿಸ್ಟಾಟಲನೂ ಇದನ್ನು ನಂಬಿ ಬರೆದಿಟ್ಟನೆಂದ ಮೇಲೆ ನಮ್ಮ ಅಜ್ಜಿಯರನ್ನು ಆಕ್ಷೇಪಿಸುವಂತಿಲ್ಲ. ಮುಳ್ಳೆಂಬುದು ಗಟ್ಟಿಯಾದ ಕೂದಲು. ಪ್ರಾಣಿ ಬೆದರಿದಾಗ ಅದು ನಿಮಿರುತ್ತದೆ. ಬಾಲದ ಟೊಳ್ಳು ಮುಳ್ಳುಗಳು ಗಿಲಕಿಯಂತೆ ಸದ್ದುಮಾಡಿ ಎಚ್ಚರಿಸುತ್ತವೆ. ಅಷ್ಟಕ್ಕೂ ಶತ್ರು ತೊಲಗದಿದ್ದರೆ ಮುಳ್ಳುಹಂದಿ ಹಿಮ್ಮುಖವಾಗಿ ನುಗ್ಗುತ್ತದೆ, ಸಡಿಲವಾದ ಮುಳ್ಳುಗಳು ನೆಟ್ಟುಕೊಳ್ಳುತ್ತವೆ. ಇದರ ತಂಟೆಗೆ ಹೋದ ಮುಕ್ತೇಶ್ವರದ ಹೆಣ್ಣುಹುಲಿ ಒಂದು ಕಣ್ಣನ್ನು ಕಳೆದುಕೊಂಡಿತು. ಸುಮಾರು ಐವತ್ತು ಮುಳ್ಳುಗಳು ಮುಂಗಾಲಿನಲ್ಲಿ ನಾಟಿ, ಬೇಟೆಯಾಡಲಾರದೆ ಅದು ನರಭಕ್ಷಕವಾದ ಕಥೆಯನ್ನು ಜಿಮ್ ಕಾರ್ಬೆಟ್ 1954ರ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ.

ಹುಲಿಯನ್ನು ಕುರುಡಾಗಿಸಿದ ಈ ಆಯುಧ ಹೊಗೆಯ ಮುಂದೆ ನಿರುಪಯುಕ್ತ. ಮಾಂಸದ ಆಸೆಗೋ ಬೆಳೆಯ ಸಿಟ್ಟಿಗೋ ಬಿಲದ ಬಾಯಲ್ಲಿ ಹೊಗೆಹಾಕಿದರೆ ತಂದೆ, ತಾಯಿ, ಮರಿ ಒಟ್ಟಿಗೆ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದರ ಬೇಟೆ ಅಪರಾಧ. ಆದರೆ ಕಾನೂನಿನ ಹೆಸರು ಹೇಳಿದ ಮಾತ್ರಕ್ಕೆ ಗೆಣಸು ಕಳೆದುಕೊಂಡವನ ಹೊಟ್ಟೆಯುರಿ ಆರುವುದಿಲ್ಲ. ಇದು ನೆಲ ಬಗೆಯುವ ಪ್ರಾಣಿಯಾದುದರಿಂದ ತಂತಿಬಲೆಯ ಬುಡವನ್ನು ಮಣ್ಣಿನೊಳಗೆ ಹೂತು ಬೇಲಿ ಕಟ್ಟಬೇಕೆಂಬ ಉಪಯುಕ್ತ ಮಾತನ್ನೂ ಮೃಗಾಲಯದ ಫಲಕದಲ್ಲಿ ಬರೆದರೆ, ಹಳ್ಳಿಯಿಂದ ಬಂದವನು ನಿಂತು ಓದಿಯಾನು.

ಮೈಸೂರಿನ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಏರ್ಪಾಡಿದೆ. ಆಹಾರದ ವೆಚ್ಚವನ್ನು ಕೊಟ್ಟವರು ಪೋಷಕರೆನಿಸಿಕೊಳ್ಳುತ್ತಾರೆ. ಹುಲಿ, ಆನೆಗಳನ್ನೇ ಅರಸಿ ಹೋಗುವವರು ಈ ಮುಳ್ಳಿನ ರಾಶಿಯ ಕಡೆಗೂ ಕಣ್ಣು ಹಾಯಿಸಬಹುದು; ಇದರ ಊಟದ ಖರ್ಚು ಆನೆಯದಕ್ಕಿಂತ ಎಷ್ಟೋ ಕಡಮೆ. ಮಕ್ಕಳನ್ನು ಕರೆದೊಯ್ಯುವವರು ಸಾಯಂಕಾಲದ ಹೊತ್ತನ್ನು ಇದಕ್ಕೆ ಮೀಸಲಿಡುವುದು ಮೇಲು. ಮಲಗಿದೆಯೆಂದು ಕಲ್ಲೆಸೆದು ಎಬ್ಬಿಸಬಾರದೆಂಬುದನ್ನು ಮನೆಯಿಂದ ಹೊರಡುವಾಗಲೇ ಹೇಳಿರಬೇಕು.