ಕುನ್ನಿಗೆ ಹಕ್ಕಿ ಬ್ಯಾಟಿ ಕಲಸಬ್ಯಾಡ್ರಿ

ನಮ್ಮ ಜತ್ತ ಸೀಮೆಯ ಕೆಲವು ಹುಡುಗರಿಗೆ ಒಂದು ಚಟ ಹತ್ತೇತಿ. ಮುಧೋಳ ತಳಿಯ ಕುನ್ನಿ ತರತಾರ, ಅದಕ್ಕ ಮೂರು ತಿಂಗಳು ತುಂಬುವುದರೊಳಗೆ ಹಕ್ಕಿ ಹಿಡಿಯೂದು ಕಲಸಾಕ ಹತ್ತತಾರ. ಹೆಂಗ ಕಲಸತಾರ ಕೇಳ್ರಿ. ರಾತ್ರಿಯೆಲ್ಲಾ ಕುನ್ನಿಯನ್ನು ಉಪವಾಸ ಕಟ್ಟತಾರ. ಮುಂಜಾನೆ ರೆಕ್ಕಿ ಮುರಿದ ಕವುಜುಗವನ್ನು ಅದರ ಮುಂದ ಬಿಟ್ಟು ಸಿಳ್ಳಿ ಹೊಡಿತಾರ. ಇದಕ್ಕ 'ಟ್ರೇನಿಂಗ್' ಅಂತ ಹೆಸರು. ನಾನಂತೂ ಇದನ್ನ ಕೇಡು ಅಂತೀನಿ.

ಮುಧೋಳ ನಾಯಿ ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ಓಡುವುದನ್ನು ಕಂಡರೆ ಬೆನ್ನು ಹತ್ತೂದು ಅದರ ರಕ್ತದಾಗೇ ಐತಿ. ಅದನ್ನ ಯಾರೂ ಕಲಸಬೇಕಾಗಿಲ್ಲ. ಅದಕ್ಕ ಕಲಸಬೇಕಾದದ್ದು ನಿಲ್ಲೂದು, ಕರೆದ್ರ ತಿರುಗಿ ಬರೂದು. ಇವೆರಡು ಬಿಟ್ಟು ಕೊಲ್ಲೂದನ್ನ ಕಲಸಿದರ ಏನಾಗತೈತಿ? ಕುನ್ನಿಗೆ ಕವುಜುಗ ಬ್ಯಾರೆ, ಮನಿ ಕೋಳಿ ಬ್ಯಾರೆ ಅಂತ ತಿಳೀತೈತೇನು? ಇವತ್ತು ಹಕ್ಕಿ, ನಾಳೆ ಬಡವಿಯ ಕೋಳಿ, ನಾಡದು ಮಗ್ಗಲ ಮನಿಯವರ ಕುರಿಮರಿ. ಆವಾಗ ಬಡಿಗಿ ಏಟು ಬೀಳೂದು ಕಲಸಿದವನಿಗೆ ಅಲ್ಲ, ಆ ಮೂಕ ಪ್ರಾಣಿಗೆ.

'ನಮ್ಮ ಅಜ್ಜ ಮುತ್ತ್ಯಾ ಬ್ಯಾಟಿ ಆಡಿಲ್ಲೇನು' ಅಂತಾರ. ಆಡ್ಯಾರಪ್ಪ. ಅವರ ಕಾಲಕ್ಕ ಮಡ್ಡಿ ತುಂಬ ಹುಲ್ಲಿತ್ತು, ಹಕ್ಕಿಗೆ ತತ್ತಿ ಇಡಾಕ ಜಾಗಾ ಇತ್ತು. ಈಗ ಮಡ್ಡಿ ಒಡೆದು ದ್ರಾಕ್ಷಿ, ದಾಳಿಂಬರಿ ಹಚ್ಚೇವಿ. ಬದುವಿನ ಹುಲ್ಲಿಗೂ ಬೆಂಕಿ ಇಡತೇವಿ. ನಮ್ಮ ಸೋಲಾಪುರದ ಹತ್ತರ ನಾನಜದಾಗ ಮಾಳಢೋಕ ಹಕ್ಕಿ ಸಲುವಾಗಿ 1979ರಾಗ ಅಭಯಾರಣ್ಯ ಮಾಡಿದ್ರು. ಇವತ್ತು ಅಲ್ಲಿ ಆ ಹಕ್ಕಿ ಕಣ್ಣಿಗೆ ಬೀಳೂದೇ ಅಪರೂಪ. ಅಭಯಾರಣ್ಯದಾಗಿನ ಹಕ್ಕಿ ಗತಿ ಹಿಂಗಾದರ, ನಮ್ಮ ಬದುವಿನ ಹಕ್ಕಿಗೆ ದಿಕ್ಕು ಯಾರು? ಕವುಜುಗ ಗೆದ್ದಲ ತಿಂತೈತಿ, ಮಿಡತಿ ತಿಂತೈತಿ. ಔಷಧಕ್ಕ ಅಂತ ಅಂಗಡಿಗೆ ರೊಕ್ಕ ಸುರಿಯೋ ನಾವು, ಪುಕ್ಕಟೆ ದುಡಿಯೋ ಆಳನ್ನ ನಾಯಿ ಬಾಯಿಗೆ ಕೊಡೂದು ಯಾವ ಜಾಣತನ?

ಕಾಯ್ದೆ ಮಾತೂ ಕೇಳ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಂದರಷ್ಟೇ ಬ್ಯಾಟಿ ಅಲ್ಲ. ಬಲಿ ಒಡ್ಡಿ ಹಿಡಿಯೂದು, ಬೆನ್ನಟ್ಟೂದು, ತತ್ತಿ ಕೆಡಸೂದು, ಇವೆಲ್ಲವೂ ಬ್ಯಾಟಿನೇ. 'ನಾಯಿ ಹಿಡೀತು, ನಾನಲ್ಲ' ಅಂದರ ಬಿಡೂದಿಲ್ಲ.

ನಾ ಡೊಳ್ಳಿನ ಹಾಡು ಹಾಡಾಂವ, ಓದಿದ್ದು ಏಳನೇತ್ತೆ. ಆದ್ರ ನಮ್ಮ ಮೈಲಾರಲಿಂಗನ ಪಟ ನೋಡಿ ಬಲ್ಲೆ. ಅದರಾಗ ಕುದುರಿ ಬಾಜೂಕ ನಾಯಿ ಐತಿ. ಆ ದೇವರು ಹೋದದ್ದು ಮಣಿಮಲ್ಲರೆಂಬ ರಕ್ಕಸರ ಮ್ಯಾಲೆ, ತತ್ತಿ ಮ್ಯಾಲೆ ಕುಂತ ಹಕ್ಕಿ ಮ್ಯಾಲೆ ಅಲ್ಲ.

ಕುನ್ನಿ ಸಾಕ್ರಿ, ಬ್ಯಾಡ ಅನ್ನೂದಿಲ್ಲ. ಎರಡು ತಿಂಗಳಿಗೆ ಹೆಸರು ಹಿಡಿದು ಕರೀರಿ. ಬಂದಾಗೊಮ್ಮೆ ರೊಟ್ಟಿ ಚೂರು ಕೊಡ್ರಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಸೂಜಿ ಹಾಕಿಸ್ರಿ. ಕೋಳಿ ಕುರಿ ನಡುವ ಹಗ್ಗ ಹಿಡಿದು ಅಡ್ಡಾಡಿಸ್ರಿ. ಮುಂದ ಬಾಯಿ ಹಾಕಿದರ 'ಬಿಡು' ಅನ್ರಿ, ಬಿಟ್ಟಾಗ ಬೆನ್ನು ಸವರ್ರಿ. ಅಂಥಾ ನಾಯಿ ರಾತ್ರಿ ತೋಳ ಬಂದರ ಹಿಂಡಿನ ಮುಂದ ನಿಂತು ಬೊಗಳತೈತಿ.

ಗುರುಗಳೇ, ಈ ಮಾತನ್ನ ಸಾಲಿಯೊಳಗೂ ಹೇಳ್ರಿ. ಸಿಳ್ಳಿ ಹೊಡೆಯೋ ಹುಡುಗರು ಅಲ್ಲೇ ಕುಂತಿರತಾರ. ಹಕ್ಕಿ ರೆಕ್ಕಿ ಮುರಿಯೂದನ್ನ ನಕ್ಕೋತ ನೋಡಿದ ಹುಡುಗ ಮುಂದ ಯಾರ ಮ್ಯಾಲೆ ಮರುಕ ಪಟ್ಟಾನು? ಅಲ್ಲಿ ಕೆಡೂದು ಕುನ್ನಿ ಒಂದೇ ಅಲ್ಲ.