ವೈದ್ಯ ವಿದ್ಯಾರ್ಥಿಗೆ ಎಂಥ ಇಂಗ್ಲಿಷ್ ಬೇಕು?

2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದರಿಂದ ದಾರಿ ತೆರೆಯಿತು. ಆ ದಾರಿ ಇನ್ನೂ ಅಗಲವಾಗಬೇಕು. ಆದರೆ ಯಾವ ಭಾಷೆಯಲ್ಲಿ ಬರೆದರೂ ಅಲ್ಲಿ ಮಾಡಬೇಕಾದ್ದು 180 ಪ್ರಶ್ನೆಗಳಿಗೆ ಸರಿಯುತ್ತರ ಗುರುತಿಸುವುದಷ್ಟೆ. ಪ್ರವೇಶ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಬರೆಯದೆ ವೈದ್ಯಕೀಯ ಕಾಲೇಜಿಗೆ ಬಂದವರಿಗೆ ಮೊದಲ ದಿನದಿಂದಲೇ ಪಾಠ, ಪರೀಕ್ಷೆ, ಕೇಸ್ ಶೀಟ್ ಎಲ್ಲವೂ ಇಂಗ್ಲಿಷ್‌ಮಯ. ಈ ಅಂತರ ಪಠ್ಯಕ್ರಮ ರೂಪಿಸಿದವರಿಗೆ ಕಾಣಲಿಲ್ಲವೆಂದಲ್ಲ. 2019ರಲ್ಲಿ ಜಾರಿಗೆ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮ ಒಂದು ತಿಂಗಳ, 175 ಗಂಟೆಗಳ ಫೌಂಡೇಷನ್ ಕೋರ್ಸ್ ತಂದಿತು. ಅದರಲ್ಲಿ ಭಾಷೆಗೂ ಕಂಪ್ಯೂಟರಿಗೂ ಸೇರಿ 40 ಗಂಟೆ ಇತ್ತು. ಉದ್ದೇಶ ಒಳ್ಳೆಯದೇ. ಆದರೆ ಅದು ಬಂದದ್ದು ವಿದ್ಯಾರ್ಥಿ ಒಬ್ಬ ರೋಗಿಯನ್ನೂ ಪರೀಕ್ಷಿಸದ ಹೊತ್ತಿನಲ್ಲಿ. ನಿಜವಾಗಿ ಭಾಷೆ ಬೇಕಾಗುವ ಹೊತ್ತಿಗೆ ಕಲಿಸುವವರು ಯಾರೂ ಇರುವುದಿಲ್ಲ. ವೈದ್ಯಕೀಯ ಇಂಗ್ಲಿಷನ್ನು ಹಿಂದುಳಿದವರ ಪೂರಕ ಪಾಠವಾಗಿ ಕಾಣುವುದನ್ನು ಬಿಟ್ಟು, ನಾಡಿ ಹಿಡಿಯುವುದನ್ನು, ಹೊಲಿಗೆ ಹಾಕುವುದನ್ನು ಕಲಿಸುವಂತೆಯೇ ವಾರ್ಡಿನಲ್ಲಿ ಕಲಿಸಿ ಪರೀಕ್ಷಿಸಬೇಕು.

ವಾರ್ಡಿನಲ್ಲಿ ನಡೆಯುವುದನ್ನೇ ನೋಡಿ. ವಿದ್ಯಾರ್ಥಿ ರೋಗಿಯನ್ನು ಕನ್ನಡದಲ್ಲಿ ಮಾತನಾಡಿಸುತ್ತಾನೆ, ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಪ್ರೊಫೆಸರರ ಮುಂದೆ ಒಪ್ಪಿಸುತ್ತಾನೆ. ಈ ದಾಟಿಸುವ ಕೆಲಸ ದಿನವೂ ನಡೆಯುತ್ತದೆ, ಅದಕ್ಕೆ ತರಗತಿ ಮಾತ್ರ ಇಲ್ಲ. ರೋಗಿ ಸುಸ್ತು ಎಂದರೆ ಕೇಸ್ ಶೀಟಿನಲ್ಲಿ ವೀಕ್‌ನೆಸ್ ಎಂದಾಗುತ್ತದೆ. ಓದುವ ವೈದ್ಯರಿಗೆ ಅದು ರಕ್ತಹೀನತೆಯ ಆಯಾಸವೂ ಆಗಬಹುದು, ಕೈಕಾಲಿನ ಶಕ್ತಿಯೇ ಉಡುಗಿಹೋದ ಪಾರ್ಶ್ವವಾಯುವೂ ಆಗಬಹುದು. ಎರಡರ ತಪಾಸಣೆಯ ದಾರಿ ಬೇರೆ ಬೇರೆ. ತಲೆಸುತ್ತು ಎಂದಾಗ ಸುತ್ತಲಿನದೆಲ್ಲ ತಿರುಗಿದಂತಾಯಿತೇ, ಕಣ್ಣಿಗೆ ಕತ್ತಲೆ ಕವಿದು ಬೀಳುವಂತಾಯಿತೇ ಎಂದು ಮರುಪ್ರಶ್ನೆ ಕೇಳದಿದ್ದರೆ, ಕಿವಿಯ ತೊಂದರೆಯೋ ಹೃದಯದ ತೊಂದರೆಯೋ ಎಂಬ ಮೊದಲ ಸುಳಿವೇ ಕೈತಪ್ಪುತ್ತದೆ. ಈ ತಪ್ಪು ವ್ಯಾಕರಣದ್ದಲ್ಲ. ವಾಕ್ಯ ಶುದ್ಧವಾಗಿದ್ದೂ ರೋಗಿ ಹೇಳಿದ್ದು ಅದರಲ್ಲಿ ಇಲ್ಲದಿರಬಹುದು. ಆದ್ದರಿಂದ ವೈದ್ಯಕೀಯ ಇಂಗ್ಲಿಷಿನ ಪಾಠ ರೋಗಿಯ ಕನ್ನಡದಿಂದಲೇ ಶುರುವಾಗಬೇಕು. ಬಳ್ಳಾರಿಯ ರೋಗಿ ಹೇಳುವ ರೀತಿಗೂ ಮಂಗಳೂರಿನ ರೋಗಿ ಹೇಳುವ ರೀತಿಗೂ ಇರುವ ವ್ಯತ್ಯಾಸವೂ ಅದರೊಳಗೆ ಬರಬೇಕು.

ಬರವಣಿಗೆಯಲ್ಲಿ ಹೋಗುವ ನಷ್ಟ ಇನ್ನೂ ದೊಡ್ಡದು. ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ ಜನನ ಮರಣ ನೋಂದಣಿ ಕಾಯ್ದೆಯಡಿ ವೈದ್ಯರು ನಮೂನೆ 4ರಲ್ಲಿ ಕಾರಣ ಬರೆಯಬೇಕು. ಅದರಲ್ಲಿ ತಕ್ಷಣದ ಕಾರಣ ಮೊದಲು, ಅದಕ್ಕೆ ದಾರಿ ಮಾಡಿದ್ದು ಆಮೇಲೆ, ಎಲ್ಲಕ್ಕೂ ಮೂಲವಾದದ್ದು ಕೊನೆಗೆ. ಮಧುಮೇಹದಿಂದ ಕಾಲು ಕೊಳೆತು, ನಂಜು ರಕ್ತಕ್ಕೇರಿ ಒಬ್ಬರು ತೀರಿಕೊಂಡರೆ ಮೂರೂ ಸರಪಳಿಯಂತೆ ಸಾಲಾಗಿ ಬರಬೇಕು. ಅದರ ಬದಲು ಕಾರ್ಡಿಯಾಕ್ ಅರೆಸ್ಟ್ ಎಂದು ಗೀಚುವ ರೂಢಿಯಿದೆ. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ. ಹಾಗಾಗಿ ಸಾವಿನ ಬಗೆಯನ್ನು ಕಾರಣವೆಂದು ಬರೆಯಬಾರದು ಎಂದು ಸೂಚನೆಯೇ ಇದೆ. ಹಾಗೆ ಬರೆದಾಗ ಮಧುಮೇಹದ ಒಂದು ಸಾವು ಸರ್ಕಾರದ ಲೆಕ್ಕದಿಂದ ಕಾಣೆಯಾಗುತ್ತದೆ. ರೆಫರಲ್ ಪತ್ರದ ಕಥೆಯೂ ಹೀಗೆಯೇ. ತಾಲ್ಲೂಕು ಆಸ್ಪತ್ರೆಯಿಂದ ರಾತ್ರಿ ಕಳಿಸಿದ ಗರ್ಭಿಣಿಯ ಪತ್ರದಲ್ಲಿ ರಕ್ತದೊತ್ತಡ ಎಷ್ಟಿತ್ತು, ಮ್ಯಾಗ್ನೀಷಿಯಂ ಸಲ್ಫೇಟ್ ಎಷ್ಟು ಗಂಟೆಗೆ, ಎಷ್ಟು ಕೊಟ್ಟರು ಎಂಬುದು ಇಲ್ಲದಿದ್ದರೆ, ಮೇಲಿನ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಮತ್ತೆ ಮೊದಲಿನಿಂದ ಶುರುಮಾಡಬೇಕು. ಇಂಥ ಪತ್ರ ಬರೆಯುವ ಕೆಲಸ ಬಹುಪಾಲು ಹೌಸ್ ಸರ್ಜನ್‌ಗಳ ಮತ್ತು ಆಗಷ್ಟೇ ಕೆಲಸಕ್ಕೆ ಸೇರಿದ ವೈದ್ಯರ ಪಾಲಿಗೆ ಬರುತ್ತದೆ.

ಇಷ್ಟು ದೊಡ್ಡ ರ‍್ಯಾಂಕ್ ಪಡೆದು ಬಂದ ಮಕ್ಕಳು ಹಿರಿಯರನ್ನು ನೋಡುತ್ತ ತಾವೇ ಕಲಿಯುತ್ತಾರೆ, ಇದಕ್ಕೊಂದು ಪಾಠ ಬೇಕೇ ಎಂಬ ಆಕ್ಷೇಪವಿದೆ. ಕಲಿಯುತ್ತಾರೆ, ನಿಜ, ಹಿರಿಯರು ಮಾಡುವ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತಾರೆ. ನಮೂನೆ 4ರ ರೂಢಿ ಹಬ್ಬಿದ್ದೇ ಹಾಗೆ. ಇಂಗ್ಲಿಷ್ ಮಾಧ್ಯಮದಿಂದ ಬಂದವರೂ ಇದರಿಂದ ಹೊರತಲ್ಲ. ನಿರರ್ಗಳವಾಗಿ ಮಾತಾಡುವವರಿಗೆ ಒಳ್ಳೆಯ ರೆಫರಲ್ ಪತ್ರ ತಾನಾಗಿ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡು ಈಗ ಬ್ರಿಟನ್ನಿನಲ್ಲೂ ಮಾನ್ಯವಾಗಿರುವ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್ ಇದನ್ನು ಸರಿಯಾಗಿ ಗ್ರಹಿಸಿದೆ. ಅಲ್ಲಿ ವೈದ್ಯರಿಗೆ ಪ್ರಬಂಧ ಕೊಡುವುದಿಲ್ಲ. ಕೇಸಿನ ಟಿಪ್ಪಣಿ ಕೊಟ್ಟು 45 ನಿಮಿಷದಲ್ಲಿ ಪತ್ರ ಬರೆಸುತ್ತಾರೆ. ಪತ್ರದ ಉದ್ದೇಶ ಓದುವವರಿಗೆ ಥಟ್ಟನೆ ತಿಳಿಯಿತೇ ಎಂಬುದಕ್ಕೂ ಅಂಕ ಉಂಟು. ಹೊರದೇಶಕ್ಕೆ ಹೋಗಬಯಸುವ ನಮ್ಮ ವೈದ್ಯರು ಹಣ ಕೊಟ್ಟು ಇದನ್ನು ಕಲಿಯುತ್ತಾರೆ. ನಮ್ಮ ರೋಗಿಗಳಿಗಾಗಿ ಇದನ್ನು ಕಾಲೇಜೇ ಕಲಿಸಬೇಡವೇ?

ಹೆಚ್ಚು ಗಂಭೀರವಾದ ಆಕ್ಷೇಪ ಕನ್ನಡದ ಪರವಾಗಿ ಬರುವಂಥದ್ದು: ವೈದ್ಯಕೀಯವನ್ನೇ ಕನ್ನಡದಲ್ಲಿ ಕಲಿಸಿದರೆ ಈ ತೊಡಕೇ ಇರುವುದಿಲ್ಲವಲ್ಲ? ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಒಂದು ಕಾಲದಲ್ಲಿ ಉರ್ದುವಿನಲ್ಲಿ ವೈದ್ಯಕೀಯ ಕಲಿಸಿತ್ತು. ಮಧ್ಯಪ್ರದೇಶ 2022ರಲ್ಲಿ ಹಿಂದಿ ಪಠ್ಯಪುಸ್ತಕಗಳನ್ನು ತಂದಿತು. ಕನ್ನಡಕ್ಕೆ ಆ ಶಕ್ತಿಯಿಲ್ಲ ಎನ್ನುವವರ ಜೊತೆ ನಾನಿಲ್ಲ. ವೈದ್ಯ ಲೇಖಕರಾದ ಡಿ.ಎಸ್. ಶಿವಪ್ಪನವರ ವೈದ್ಯಕೀಯ ಪದರಚನೆ, ಅನುಪಮಾ ನಿರಂಜನರ ‘ತಾಯಿ-ಮಗು’, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎಂ. ಶಿವರಾಂ ಅವರ ‘ಮನಮಂಥನ’ ಇರುವ ಭಾಷೆ ಇದು. ಪಾಠದಲ್ಲಿ ಕನ್ನಡದ ವಿವರಣೆ ಧಾರಾಳವಾಗಿ ಬರಲಿ. ಆದರೆ ಔಷಧದ ಮಾಹಿತಿ, ಸಂಶೋಧನಾ ಪತ್ರಿಕೆ, ಬೇರೆ ರಾಜ್ಯದ ಸಹೋದ್ಯೋಗಿಯ ಟಿಪ್ಪಣಿ ಎಲ್ಲವೂ ಇಂದು ಇಂಗ್ಲಿಷಿನಲ್ಲಿವೆ. ಅದನ್ನು ಕಲಿಸದೆ ಬಿಟ್ಟರೆ ಸಿರಿವಂತರ ಮಕ್ಕಳಿಗೇನೂ ಆಗುವುದಿಲ್ಲ. ಸೋಲುವುದು ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೇ. ಎಲ್ಲರಿಗೂ ಕಡ್ಡಾಯವಾದ ಪಾಠವಾದರೆ ಅವಳೊಬ್ಬಳನ್ನೇ ಬೇರೆ ಕೂರಿಸಿದ ಅವಮಾನವೂ ತಪ್ಪುತ್ತದೆ.

ಪಠ್ಯ ಈಗಲೇ ಭಾರವಾಗಿದೆ, ಹೊಸ ವಿಷಯಕ್ಕೆ ಸಮಯವೆಲ್ಲಿ ಎನ್ನಬಹುದು. ಹೊಸ ವಿಷಯ ಬೇಕಿಲ್ಲ. ಸಂವಹನ ಮತ್ತು ನೀತಿಯ ತರಗತಿಗಳು 2019ರಿಂದಲೇ ಪಠ್ಯಕ್ರಮದಲ್ಲಿವೆ, ಲಾಗ್ ಪುಸ್ತಕ ಕಡ್ಡಾಯವಾಗಿದೆ. ಆ ಗಂಟೆಗಳಲ್ಲಿ ಭಾಷಾ ಅಧ್ಯಾಪಕರೂ ವೈದ್ಯ ಅಧ್ಯಾಪಕರೂ ಒಟ್ಟಿಗೆ ಕೂತು ವಿದ್ಯಾರ್ಥಿ ಬರೆದ ಕೇಸ್ ಶೀಟ್ ತಿದ್ದಲಿ. ಬಿಡುಗಡೆಯಾಗುವ ರೋಗಿಗೆ ಅರ್ಧ ಪುಟ ಸೂಚನೆಯನ್ನು ಕನ್ನಡದಲ್ಲಿ ಬರೆಸಲಿ. ಪರೀಕ್ಷೆಗೆ ಬಾರದ್ದನ್ನು ನಮ್ಮ ವಿದ್ಯಾರ್ಥಿಗಳು ಓದುವುದಿಲ್ಲ, ಆದ್ದರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಹತ್ತು ಅಂಕಗಳನ್ನು ಒಂದು ರೆಫರಲ್ ಪತ್ರಕ್ಕೂ ಒಂದು ನಮೂನೆ 4ಕ್ಕೂ ಮೀಸಲಿಡಲಿ.